ಹೋಲ್ಡಾನ್

ಕಲ್ಲು ಕಾಣುತ್ತಿದೆ.
ಹುಣಸೆಬೀಜಕ್ಕಿಂತ ಸ್ವಲ್ಪ ಚಿಕ್ಕದು, ತಿಳಿಹಳದಿ,
ಮೂತ್ರಪಿಂಡದ ಕೆಳಮೂಲೆಯಲ್ಲಿ
ಟಿಕೆಟ್ಟಿಲ್ಲದೆ ಹತ್ತಿ ಮುದುಡಿ ಕೂತವನ ಹಾಗೆ.
ಕಂಡ ಮರುಗಳಿಗೆ ಜಾರುತ್ತದೆ:
ನಾನು ಗಾಳಿ ತುಂಬಿದಾಗ ಕೆಳಕ್ಕೆ,
ಬಿಟ್ಟಾಗ ಮೇಲಕ್ಕೆ.

ಲೋಬೋ ಡಾಕ್ಟರು ದಾರದಂಥ ಲೇಸರ್ ಎಳೆ ಚಾಚಿ
ಗುರಿ ಹಿಡಿದು ಕಾದಿದ್ದಾರೆ.
"ಮೇಡಂ, ನಿಮ್ಮ ಪೇಶೆಂಟು ತೊಟ್ಟಿಲು ತೂಗ್ತಿದಾರೆ."
ಪೇಶೆಂಟಲ್ಲ. ತೂಗುತ್ತಿರುವುದು ನಾನು.

ಗುತ್ಯಪ್ಪ, ನಲವತ್ತೇಳು ವರ್ಷ,
ಸೊರಬ–ಶಿಕಾರಿಪುರ–ಶಿವಮೊಗ್ಗ ಖಾಸಗಿ ಬಸ್ಸಿನ ಕಂಡಕ್ಟರು.
ನಿನ್ನೆ ಸಂಜೆ ಕೇಳಿದ್ದೆ, ನೀರು ಕುಡಿಯಲ್ವಾ ಅಂತ.
"ಕುಡುದ್ರೆ ಇಳೀಬೇಕಲ್ರೀ ಡಾಕ್ಟ್ರೇ.
ಹಿಂದಿನ ಬಸ್ಸು ಆರು ನಿಮಿಷಕ್ಕೆ ಬತ್ತದೆ,
ನಮ್ ಜನಾನೆಲ್ಲ ಅವ್ನೇ ಹತ್ತಿಸ್ಕತಾನೆ."
ಇಪ್ಪತ್ತೆರಡು ವರ್ಷದ ಆ ಆರು ನಿಮಿಷಗಳು
ಹರಳುಗಟ್ಟಿ ಕೂತಿವೆ ಒಳಗೆ.

ಸೀಟಿ ಎಲ್ಲಿಡಲಿ ಎಂದಿದ್ದ ಬೆಳಿಗ್ಗೆ.
ಕಿತ್ತಳೆ ದಾರದ ಸ್ಟೀಲ್ ಸೀಟಿ.
ಉಂಗುರವಿಲ್ಲ, ಸರವಿಲ್ಲ,
ಬಿಚ್ಚಿಕೊಡಲು ಇದ್ದದ್ದು ಅದೊಂದೇ.
ತಸ್ಮಿಯಾ ಕವರಿಗೆ ಹಾಕಿ ಮೇಲೆ ಹೆಸರು ಬರೆದಳು.

ಮೊದಲು ಉಸಿರನ್ನು ಕುಗ್ಗಿಸಿದೆ.
ಸಲಕ್ಕೆ ಐನೂರು ಎಂಎಲ್ ಇದ್ದದ್ದು ಮುನ್ನೂರು,
ನಿಮಿಷಕ್ಕೆ ಹನ್ನೆರಡಿದ್ದದ್ದು ಇಪ್ಪತ್ತು.
ಗುಟುಕು ಗುಟುಕು ಗಾಳಿ,
ಮಗು ಮಲಗಿದ ಮನೆಯಲ್ಲಿ ತುದಿಗಾಲಲ್ಲಿ ಓಡಾಡಿದಂತೆ.
ಓಲಾಟ ಅರ್ಧಕ್ಕಿಳಿಯಿತು. ಲೇಸರು ಚಟಪಟ ಅಂದಿತು.
ಪರದೆಯಲ್ಲಿ ಹಿಟ್ಟಿನ ಗಿರಣಿಯ ದೂಳು.

ಕೊನೆಯದೊಂದು ಚೂರು ಮಾತ್ರ
ಒಳಗೋಡೆಗೆ ಅಂಟಿಕೊಂಡಿತು.
ಅಲ್ಲಿ ಎಳೆಯಷ್ಟು ತಪ್ಪಿದರೂ ರಕ್ತ,
ಆಮೇಲೆ ಪರದೆ ತುಂಬ ಕೆಂಪು ಮಂಜು.
ಲೋಬೋ ತಲೆಯೆತ್ತದೆ ಹೇಳಿದರು:
"ಹೋಲ್ಡ್ ಮಾಡಿ."

ಬರೀ ಆಕ್ಸಿಜನ್ ತುಂಬಿಸಿ ಇಟ್ಟಿದ್ದೆ ಆಗಲೇ.
ನಿಲ್ಲಿಸಿದೆ.
ಗಾಜಿನೊಳಗಿನ ತಿದಿ ಹಾಗೇ ತೂಗುಬಿತ್ತು.
ಗುಡ್ಡ ಹತ್ತಿ ಗುಡ್ಡ ಇಳಿಯುತ್ತಿದ್ದ ಹಸಿರು ಗೆರೆ
ಆಗುಂಬೆ ಬಿಟ್ಟು ಒಮ್ಮೆಗೇ
ಹೊಳೆಹೊನ್ನೂರಿನ ಬಯಲಾಯಿತು.
ಕಲ್ಲು ನಿಂತಿತು.

ನಾನೂ ಉಸಿರು ಹಿಡಿದೆ.
ಕಲಿಯುವಾಗ ಹಳೆಯ ಸಿಸ್ಟರೊಬ್ಬರು ಅಂಟಿಸಿದ ಚಾಳಿ:
"ಗಡಿಯಾರ ನೋಡೋದು ಮರೀಬೋದು,
ನಿನ್ನೆದೆ ಮರಿಯಕ್ಕೆ ಬಿಡಲ್ಲ."
ಇಪ್ಪತ್ತು ಸೆಕೆಂಡು. ಆಕ್ಸಿಜನ್ ತೊಂಬತ್ತೊಂಬತ್ತು.
ನಲವತ್ತು. ತೊಂಬತ್ತೊಂಬತ್ತು.
ಐವತ್ತಕ್ಕೆ ಕಿವಿ ಗುಂಯ್ಗುಟ್ಟಿ, ಹೊಟ್ಟೆ ಒದ್ದಾಡಿ
ಮಾಸ್ಕಿನೊಳಗೆ ಕದ್ದು ಉಸಿರಾಡಿಬಿಟ್ಟೆ.
ಅವನದು ಇನ್ನೂ ತೊಂಬತ್ತೊಂಬತ್ತು.
ಗಾಳಿ ಬೇಕು ಅನ್ನಿಸುವ ಜಾಗವನ್ನೇ
ಬೆಳಿಗ್ಗೆ ಒಂದು ಸಿರಿಂಜಿನಲ್ಲಿ ಮಲಗಿಸಿದ್ದೇನೆ.
ಗಾಳಿ ಬೇಕಾದವನು ಅವನು,
ಬೇಕು ಎನ್ನುವವಳು ನಾನು.

ಎಪ್ಪತ್ತು ಸೆಕೆಂಡಿಗೆ
ಬೀಪಿನ ಶ್ರುತಿ ಒಂದೆಳೆ ಇಳಿಯಿತು.
"ಇನ್ನೊಂದೇ ಚೂರು" ಅಂದರು ಲೋಬೋ.
ಯಾವ ಬಸ್ಸಿಗಾದರೂ
ಇನ್ನೊಬ್ಬ ಓಡಿಬರುತ್ತಲೇ ಇರುತ್ತಾನೆ.
ತೊಂಬತ್ತು ಸೆಕೆಂಡು. ನಾನು ಕಾಯಲಿಲ್ಲ.
"ರೈಟ್" ಅಂದೆ.
ಆ ಮಾತು ನನ್ನ ಬಾಯಿಗೆ ಹೇಗೆ ಬಂತೋ,
ತಸ್ಮಿಯಾ ಮುಖ ತಿರುಗಿಸಿ ನಕ್ಕಳು.

ತಿದಿ ಎದ್ದಿತು. ಗೆರೆ ಮತ್ತೆ ಘಟ್ಟ ಹತ್ತಿತು.
ಮೊದಲ ಗುಡ್ಡ ಉಳಿದವಕ್ಕಿಂತ ಎತ್ತರ,
ತಡೆದಿಟ್ಟದ್ದೆಲ್ಲ ಹೊರಬರುವಾಗಿನ ಎತ್ತರ.
ಆ ಚೂರಿಗಾಗಿ ಇನ್ನೂ ಎರಡು ಸಲ ನಿಲ್ಲಿಸಿ
ಎರಡು ಸಲ ಬಿಟ್ಟೆವು.

ಮಧ್ಯಾಹ್ನ, ಹೊರಗೆ ದುರ್ಗಿಗುಡಿಯ ರಸ್ತೆ
ಮೇ ತಿಂಗಳ ಬಿಸಿಲಿಗೆ ಬಾಯಿ ತೆರೆದು ಮಲಗಿತ್ತು.
ಗುತ್ಯಪ್ಪ ಕಣ್ಣು ಬಿಟ್ಟ. ಗಂಟಲು ಗರಗರ.
"ಎಷ್ಟೊತ್ತಾತು?"
ಒಂದೂವರೆ ತಾಸು ಅಂದೆ.
"ಹಂಗಾರೆ ಹಿಂದಿನ ಬಸ್ಸು ಹೋಗಿರ್ತದೆ."

ಕವರಿನಿಂದ ಸೀಟಿ ತೆಗೆದು ಕೈಗಿಟ್ಟೆ.
ತುಟಿಗಿಟ್ಟು ಊದಿದ. ಸದ್ದು ಬರಲಿಲ್ಲ,
ಬರೀ ಗಾಳಿ, ಒಳಗಿನ ಗುಂಡು ಸ್ವಲ್ಪ ಅಲುಗಿತು.
ಆ ಗಾಳಿ ಅವನದೇ.

ಆಮೇಲೆ "ನೀರು" ಅಂದ.
ಈಗಲ್ಲ, ಎರಡು ತಾಸು ತಡಿ
ಅಂದೆ, ನಾನೇ.