ನಾಳೆ ಬಾ

ಮಂಡಿಪೇಟೆಯ ಹಳೇ ಹತ್ತಿ ಗೋದಾಮಿನಲ್ಲಿ
ಈಗ ನಮ್ಮ ಸಹಕಾರಿ ಬ್ಯಾಂಕಿನ ಮೇಲ್ ಸರ್ವರ್.
ಫ್ಯಾನು ಬಿಚ್ಚಿ ಒರೆಸಿದರೆ ಇವತ್ತಿಗೂ
ಎಲ್ಲಿಂದಲೋ ಒಂದೆಳೆ ಅರಳೆ.
ಬಾಗಿಲು ಕಾಯುವುದು ನನ್ನ ಕೆಲಸ.
ಸಂಬಳದ ಚೀಟಿಯಲ್ಲಿ ಅದಕ್ಕೆ ಬೇರೇನೋ ಹೆಸರಿದೆ.

ರಾತ್ರಿ ಹನ್ನೊಂದರ ಮೇಲೆ ಬಡಿತ ಶುರು.
ಲಾಟರಿ ಹೊಡೆದಿದೆ ಅನ್ನುವವರು,
ಬೋಳುತಲೆಗೆ ಕೂದಲು ತರಿಸುವವರು,
ಯಾವುದೋ ದೇಶದ ವಿಧವೆ ರಾಣಿ.
ನಮ್ಮದೇ ಮ್ಯಾನೇಜರ್ ಬಕ್ಕೇಶಪ್ಪನವರ ಹೆಸರಲ್ಲಿ
ನಮಗೇ ಒಂದು ಕಾಗದ: ತುರ್ತು, ಹಣ ಕಳಿಸಿ.
ಅವರು ಆಗ ಮನೆಯಲ್ಲಿ ಗೊರಕೆ ಹೊಡೆಯುತ್ತಿರುತ್ತಾರೆ.

ನಮ್ಮಜ್ಜಿ ಹಾಲಮ್ಮ ಹೇಳುತ್ತಿದ್ದಳು,
ಅದು ಬರುವುದು ಮನೆಯವರ ದನಿಯಲ್ಲೇ.
ಅಣ್ಣನ ಹಾಗೆ ಕೆಮ್ಮುತ್ತದೆ,
ಅತ್ತಿಗೆಯ ಹಾಗೆ ಬಳೆ ಸದ್ದು ಮಾಡುತ್ತದೆ,
ಒಂದೇ ಸಲ ಕರೆದರೆ ಓಗೊಡಬೇಡ.
ಅದಕ್ಕೇ ಕದದ ಮೇಲೆ ಇದ್ದಿಲಲ್ಲಿ
'ನಾಳೆ ಬಾ'.
ಅಕ್ಷರ ಬಾರದ ಅಜ್ಜಿ
ಪಕ್ಕದ ಮನೆ ಹುಡುಗನ ಕೈಲಿ ಬರೆಸಿದ್ದು.
ದೆವ್ವಕ್ಕೆ ಓದು ಬರುತ್ತದೆಂದು
ಅವಳಿಗೆ ಗಟ್ಟಿ ನಂಬಿಕೆ.

ನಾನೂ ಅದನ್ನೇ ಬರೆದೆ, ಅಂಕೆಯಲ್ಲಿ:
ನಾನೂರ ಐವತ್ತೊಂದು.
ಈಗ ಆಗಲ್ಲ, ಆಮೇಲೆ ಬರ್ರಿ.
ಕೆಲಸವಿದ್ದವರು ಜಗಲಿ ಮೇಲೆ ಕೂತು
ಕಾಲು ಗಂಟೆ ಬಿಟ್ಟು ಮತ್ತೆ ತಟ್ಟುತ್ತಾರೆ.
ಸಾವಿರ ಮನೆಗೆ ಕಲ್ಲು ಬೀರುತ್ತ ಓಡುವವನಿಗೆ
ತಿರುಗಿ ಬರಲು ಪುರುಸೊತ್ತೆಲ್ಲಿ?

ತಿರುಗಿ ಬಂದವರಿಗಷ್ಟೇ ಎರಡನೇ ಮಾತು:
ಯಾರ ಪೈಕಿ?
ಅವರು ಹೇಳಿದ ಮನೆಗೆ ನಾನೇ ಹೋಗಿ,
"ಇಂಥವರು ನಿಮ್ಮಲ್ಲಿ ಅದಾರೇನ್ರಿ?"
ಹೂಂ ಅಂದರೆ ಸಾಕು,
ನೀರೂ ಕುಡಿಯದೆ ವಾಪಸ್ಸು.
ಮೊದಮೊದಲು ಬಂದವರಿಗೆಲ್ಲ ಇದನ್ನೇ ಕೇಳುತ್ತಿದ್ದೆ.
ಕಳ್ಳ ಕೊಟ್ಟ ಸುಳ್ಳು ವಿಳಾಸಗಳಿಗೆಲ್ಲ ಅಲೆದು
ಏನೂ ಅರಿಯದವರ ನಿದ್ದೆ ಕೆಡಿಸಿ
ಚೆನ್ನಾಗಿ ಬೈಸಿಕೊಂಡೆ.

ಆಷಾಢದಲ್ಲಿ ಒಂದು ಪೇಚು.
ಚಿತ್ರದುರ್ಗದ ಎಣ್ಣೆ ಸೊಸೈಟಿಯಿಂದ ಕಾಗದ ಬಂತು.
ಕಾಯಲು ಹೇಳಿದೆ. ಕಾಯ್ದು ತಿರುಗಿ ಬಂತು.
ವಿಚಾರಿಸೋಣವೆಂದು ದುರ್ಗಕ್ಕೆ ಹೋದರೆ
ಅಲ್ಲಿನ ಬಾಗಿಲೂ ಅಂದಿತು,
ನಾಳೆ ಬಾ.
ಅದು ಹೇಳದೆ ನಾನು ಬಿಡುವಂತಿಲ್ಲ,
ನಾನು ಯಾರೆಂದು ತಿಳಿಯದೆ ಅದು ಹೇಳುವಂತಿಲ್ಲ.
ಮೂರು ದಿನ ಎರಡು ಕದ
ಎದುರುಬದುರು.
ನಡುವೆ ಅರವತ್ತು ಚಿಲ್ಲರೆ ಕಿಲೋಮೀಟರು ಹೆದ್ದಾರಿ,
ಲಾರಿಗಳು ಮಾತ್ರ ಯಾರನ್ನೂ ಕೇಳದೆ ಓಡಾಡುತ್ತಿದ್ದವು.

ಕೊನೆಗೆ ಫೋನು ಹಚ್ಚಿದೆ.
"ತಿಪ್ಪೇರುದ್ರ, ನೀನೂ ಇದ್ದಿಲು ಹಿಡಿದೀಯೇನಪ್ಪ?"
ಅವನು ನಕ್ಕ.
"ಏಳು ಸುತ್ತಿನ ಕೋಟೆಯೋರು ನಾವು ಮೇಡಂ,
ಬಾಗ್ಲು ಕಾಯೋದು ನಮಗೆ ಹೇಳಿಕೊಡಬ್ಯಾಡ್ರಿ."
ಆಮೇಲೆ ಇಬ್ಬರೂ ಕೂತು ಒಂದು ಮಾತಿಗೆ ಬಂದೆವು:
ಕೈಯಲ್ಲಿ ಕಾಗದವಿಲ್ಲದೆ
ಬರೀ ಕೇಳಿಕೊಂಡು ಹೋಗಲು ಬಂದವರನ್ನು
ಹೊರಗೆ ನಿಲ್ಲಿಸಬಾರದು.

ಕಾಗದ ಒಳಗೆ ಬಂತು.
ಹದಿನಾರು ಡಬ್ಬಿ ಶೇಂಗಾ ಎಣ್ಣೆಯ ಬಿಲ್ಲು.
ಬಕ್ಕೇಶಪ್ಪನವರು ಕನ್ನಡಕ ಏರಿಸಿ,
"ಇದಕ್ಕೆ ಮೂರು ದಿನಾನಾ?
ಬಸ್ಸಿಗೆ ಕೊಟ್ಟಿದ್ರೆ ಬೆಣ್ಣೆದೋಸೆ ಆರೋದ್ರೊಳಗೆ ಬರ್ತಿತ್ತಲ್ರೀ."

ಅಜ್ಜಿ ಇನ್ನೊಂದು ಹೇಳುತ್ತಿದ್ದಳು, ಬೇಡಿದರೆ ಮಾತ್ರ.
ಒಂದು ರಾತ್ರಿ ಯಾರೋ ಕರೆದರಂತೆ,
ಒಂದೇ ಸಲ, ಮೆತ್ತಗೆ.
ಇವಳು ಉಸಿರು ಬಿಗಿಹಿಡಿದು ಮಲಗಿದಳಂತೆ.
ಬೆಳಗ್ಗೆ ಹೊಸ್ತಿಲ ಹತ್ತಿರ
ಒಂದು ಖಾಲಿ ಹಿತ್ತಾಳೆ ತಂಬಿಗೆ.
ಯಾರ ಮನೆಯದೆಂದು ಕೊನೆಗೂ ತಿಳಿಯಲಿಲ್ಲ.
ಅದನ್ನು ತೊಳೆದು ತೊಳೆದು ಇಟ್ಟುಕೊಂಡಿದ್ದಳು,
ಬಳಸಲಿಲ್ಲ.

ಬೆಳಗಿನ ಜಾವ, ಶಿಫ್ಟು ಮುಗಿಯುವ ಮುಂಚೆ,
ಒಂದೇ ಸಲ ತಟ್ಟಿ ಹೋದವರ ಪಟ್ಟಿ ತೆಗೆಯುತ್ತೇನೆ.
ಉದ್ದ ಪಟ್ಟಿ, ಕಸವೇ ಎಲ್ಲ,
ಕಣ್ಣುರಿ.
ಇವತ್ತು ನಡುವೆಲ್ಲೋ
ಜಗಳೂರು ಕಡೆಯ ಒಂದು ಹೈಸ್ಕೂಲು.
ಎರಡೂ ಹತ್ತಕ್ಕೆ ಬಂದಿದೆ.
ಕರೆಂಟು ಹೋಯಿತೋ, ಮತ್ತೆ ತಟ್ಟಲು
ಆ ಹಳೇ ಕಂಪ್ಯೂಟರಿಗೆ ಯಾರೂ ಕಲಿಸಿಲ್ಲವೋ.
ಅದರ ಹೆಸರನ್ನು ಒಳಗಿನವರ ಸಾಲಿಗೆ
ಕೈಯಿಂದಲೇ ಸೇರಿಸಿ
ದೀಪ ಆರಿಸಿದೆ.