ಸಪ್ಪಳಿಲ್ಲದ ಗಿರಣಿ

ಇಪ್ಪತ್ತೆಂಟು ವರ್ಷ
ಡೋಣಿ ಊರಿಗೆ ಗಡಿಯಾರ ಅಂದ್ರ
ನಮ್ಮ ಗಿರಣಿಯ ಹೊಗಿ ಕೊಳವಿ.
ಕುಕ್ ಕುಕ್ ಕುಕ್ ಅಂತು ಅಂದ್ರ
ಆಚಿ ಓಣಿಯ ಕೊನೀ ಮನಿಯಾಗೂ
ಜ್ವಾಳದ ಪುಟ್ಟಿ ತಲಿ ಮ್ಯಾಲ ಏರತಿತ್ತು.

ಹ್ಯಾಂಡಲ್ ತಿರುವಾಕ ಹಜರೇಸಾಬ ಕಾಕಾನ ರಟ್ಟಿನ ಬೇಕು.
ಚಳಿಗಾಲದಾಗ ಆ ಇಂಜಿನ್ನು ಹೊಸಾ ಎಮ್ಮಿಗಿಂತ ಹಟಮಾರಿ;
ಮೂರು ಸಲ ಕೆಮ್ಮಿ, ನಾಕನೇದಕ್ಕ ಕರ್ರಗ ಉಗುಳಿ
ಆಮ್ಯಾಲ ಹಾದಿಗೆ ಬರತಿತ್ತು.
ಕೊಳವಿ ಕಡೆ ಮುಖ ಮಾಡಿದ ಬೇವಿನ ಟೊಂಗಿ
ಒಂದು ಯುಗಾದಿಗೂ ಚಿಗೀಲಿಲ್ಲ.
ನಿಮ್ಮ ಹಿಟ್ಟು ಡೀಸೆಲ್ ನಾರತೈತಿ ಅಂತಿದ್ರು ಮಂದಿ.
ನಾವು ಒಪ್ಪತಿದ್ದಿಲ್ಲ.
ನಾರತಿತ್ತು.

ಮುಂಡರಗಿಯಿಂದ ಕ್ಯಾನು ತರೂದು ಬ್ಯಾರೆ ಕತಿ.
ಬಸ್ಸಿನಾಗ ಹತ್ತಸಗೊಡೂದಿಲ್ಲ ಕಂಡಕ್ಟರ್;
ನಾನು ಸೀರಿ ಸೆರಗು ಮುಚ್ಚಿ
ಕೂಸಿನಂಗ ತೊಡಿ ಮ್ಯಾಲ ಕುಂಡ್ರಿಸಿಕೊಂಡು ಬಂದೀನಿ.
ದರ ಏರಿಕೋತ ಹೋತು, ಕೂಸು ಭಾರ ಆತು.

ಹಿಂದಿನ ಗುಡ್ಡದ ಮ್ಯಾಲ ನೋಡಬೇಕು:
ಕಪ್ಪತಗುಡ್ಡದ ಬೆನ್ನಿಗೆ ಸಾಲುಗಟ್ಟಿ ನಿಂತಾವು
ಮೂರು ರೆಕ್ಕಿಯ ಬಿಳೇ ಗಿರಣಿಗಳು.
ಗಾಳಿ ಬೀಸತಾವು, ಒಂದು ಸೇರು ಜ್ವಾಳ ಬೀಸೂದಿಲ್ಲ.
ಅವುಗಳ ತಂತಿ ನಮ್ಮ ಮಾಳಿಗಿ ದಾಟಿ
ನಮ್ಮನ್ನ ಗುರುತು ಹಿಡೀದ ದೊಡ್ಡ ಮಂದಿಯಂಗ
ಮುಂದ ಹೋಗಿಬಿಡತೈತಿ.
ಅದರ ಕೆಳಗ, ಕರೆಂಟು ಹೋದ ಹೊತ್ತಿನಾಗ,
ನಾನು ಕಂದೀಲು ಒರಸಿಕೋತ ಕುಂತದ್ದುಂಟು.

ಸಂಘದಾಗ ಸಾಲ ಎತ್ತಿದೆ.
ಹದಿನೆಂಟು ಫಲಕ, ದನದ ಕೊಟ್ಟಿಗಿಯ ತಗಡಿನ ಮ್ಯಾಲ.
ಗದಗಿನ ಹುಡುಗ ಬಂದು ವಾಯರ್ ಎಳದು
ಇಷ್ಟ ನೋಡ್ರಿ ಅಕ್ಕಾರ ಅಂದ.
ಬಟನ್ ಒತ್ತಿದೆ.
ಹಿಟ್ಟು ಬಿತ್ತು. ಸಪ್ಪಳ ಬೀಳಲಿಲ್ಲ.
ಕಲ್ಲು ಮಾತ್ರ, ಮಗ್ಗಲ ಮನಿಯಾಗ ಯಾರೋ ಪಿಸುಗುಟ್ಟಿದಂಗ.

ಮಧ್ಯಾಹ್ನದ ತನಕ ಒಂದು ನರಪಿಳ್ಳಿ ಬರಲಿಲ್ಲ.
ಕಳಕವ್ವ ಬಾಗಲ ಮುಂದ ಹಾದು ಹೋಗೂವಾಗ
ಗಿರಣಿ ಯಾಕ ಬಂದ್ ಐತಿ? ಅಂದ್ಲು.
ನಡದೈತೆವ್ವಾ.
ಎಲ್ಲಿ ನಡದೈತಿ?
ನಾಕು ದಿನ ಹುಡುಗನ ಕೈಯಾಗ ತಾಟು ಬಡಿಸಿದೆ.
ಐದನೇ ದಿನ ಅವಗ ಬ್ಯಾಸರಾತು.

ಹಾಲವ್ವ ಕೊಡಪಾನ ಹಿಡದು ಬಂದ್ಲು, ಮಗಳು ಬಾಣಂತಿ.
ಇಂಜಿನ್ ತೊಟ್ಟಿಯ ಬಿಸಿನೀರಿಗೆ ಎಂದೂ ರೊಕ್ಕ ಇದ್ದಿಲ್ಲ;
ಈ ಓಣಿಯ ಎಷ್ಟು ಕೂಸುಗಳ ಮೊದಲ ಜಳಕ ಅದರಾಗ.
ತೊಟ್ಟಿಯೊಳಗ ಕೈ ಇಟ್ಟು, ತಗದು,
ಏನೂ ಅನ್ನದ ಹೋದ್ಲು.
ಇದನ್ನ ಯಾವ ಲೆಕ್ಕದಾಗ ಬರಕೊಳ್ಳಲಿ?

ಹಜರೇಸಾಬ ಕಾಕಾ ಆ ವಾರ ಬರಲಿಲ್ಲ.
ಹ್ಯಾಂಡಲ್ ಇಲ್ಲದ ಗಿರಣಿಯಾಗ ಅವಗೇನು ಕೆಲಸ, ಅಂದಕೊಂಡಿದ್ದೆ.
ಸೋಮವಾರ ಬಂದ.
ಇಂಜಿನ್ನಿನ ಮಗ್ಗಲ ನಿಂತು ನಿಂತು
ಎರಡೂ ಕಿವಿ ಎಂದೋ ಕಳಕೊಂಡಾಂವ.
ಯಾರನ್ನೂ ಕೇಳಲಿಲ್ಲ.
ಸೀದಾ ಹೋಗಿ ಹಿಟ್ಟಿನ ಡಬ್ಬಿಗೆ ಅಂಗೈ ಹಚ್ಚಿದ,
ಜಡ್ಡು ಬಂದವರ ಹಣಿ ಮುಟ್ಟಿದಂಗ.
ನಡದೈತಿ, ಅಂದ.
ಕಲ್ಲು ಸವದೈತಿ, ಟಾಕಿ ಹಾಕಬೇಕು, ಅಂದ.

ಈಗ ಮಂದಿ ನೆರಳು ನೋಡಿ ಪುಟ್ಟಿ ಎತ್ತತಾರ.
ಶ್ರಾವಣದಾಗ ಬೈಯತಾರ, ನನ್ನನ್ನೂ, ಮಾಡವನ್ನೂ.
ನಿನ್ನೆ ಹಿಟ್ಟು ಅರ್ಧಕ್ಕ ಬಂದಿತ್ತು,
ಕಲ್ಲಿನ ಉಸುರು ಇಳೀತು.
ಕಾಕಾ ಡಬ್ಬಿಯಿಂದ ಕೈ ತಗೀಲಿಲ್ಲ, ಹೊರಗ ನೋಡಲಿಲ್ಲ,
ಸಣ್ಣದೈತಿ, ದಾಟತೈತಿ, ಅಂದ.
ಅಂಗಳಕ್ಕ ಹೋಗಿ ನೋಡಿದೆ:
ಗುಡ್ಡದ ಮ್ಯಾಲ ಟವೆಲಿನಷ್ಟು ಒಂದು ಮಾಡ.

ಕುಂಡ್ರಿ, ಐದು ನಿಮಿಷ, ಅಂದೆ.
ಕುಂತರು ಎಲ್ಲಾರೂ, ಪುಟ್ಟಿ ಮಗ್ಗಲ ಪುಟ್ಟಿ.
ಇಷ್ಟು ವರ್ಷ ಇಲ್ಲಿ ಕೈಸನ್ನಿ ಮಾಡಿದವರು
ಏನು ಮಾತಾಡಬೇಕು ತಿಳೀದ
ಒಬ್ಬರ ಜ್ವಾಳ ಒಬ್ಬರು ಮುಟ್ಟಿ ನೋಡಿದರು.
ಯಾವ ಬೀಜ ಇದು? ಅಂದ್ಲು ಕಳಕವ್ವ.
ಹಾಲವ್ವ ಹೇಳಾಕ ಹತ್ತಿದ್ಲು.
ಬಿಸಿಲು ಬಂತು. ಕಲ್ಲು ತಿರುಗಿತು.
ಅವರಿಬ್ಬರಿಗೂ ಗೊತ್ತಾಗಲಿಲ್ಲ.