ಪುತ್ತರಿಗೆ ಒಣಗುತ್ತದೆ

ಮೂಮಲ್ ಬಾಡ್ಮೇರಿನಿಂದ ಬರುವಾಗ
ಕಾಡಿಗೆ ಡಬ್ಬಿಯಲ್ಲಿ ಒಂದು ದುಂಬಿ ತಂದಳು.
ಕಪ್ಪು. ಬಟ್ಟಲು ಕವುಚಿದ ಹಾಗೆ ಬೆನ್ನು.
ಕಾಲು ಮಾತ್ರ ಉದ್ದ, ಕಾದ ಮರಳಿನಿಂದ ಹೊಟ್ಟೆಯನ್ನು
ಒಂದು ಅಕ್ಕಿಕಾಳಿನಷ್ಟು ಎತ್ತಿ ಹಿಡಿದು ನಡೆಯಲು.

ನಾನು ಪೊನ್ನಂಪೇಟೆ ಕಾಲೇಜಿನ ಕೀಟದ ಕೋಣೆಯವಳು,
ಇಪ್ಪತ್ತೆರಡು ವರ್ಷದಿಂದ ಸೂಜಿ ಚುಚ್ಚಿ ಚೀಟಿ ಬರೆಯುವವಳು.
ಅದರ ಪಕ್ಕಕ್ಕೆ ನಮ್ಮದನ್ನಿಟ್ಟೆ:
ತಿತಿಮತಿ ರಸ್ತೆ ಬದಿ, ಬಿಸಿ ಆರದ ಆನೆಲದ್ದಿಯಲ್ಲಿ
ಜುಲೈ ಒಂಬತ್ತಕ್ಕೆ ಸಿಕ್ಕಿದ್ದು.
ಹಣೆಯೇ ಸಲಿಕೆ, ಮುಂಗಾಲೇ ಹಾರೆ.

ನಮ್ಮದರ ಚಿಪ್ಪಿಗೆ ಸೂಜಿಮೊನೆ ತಾಗಿದರೆ ಸಾಕು,
ಎರಡು ಕದ ಬಿಟ್ಟುಕೊಳ್ಳುತ್ತವೆ. ಒಳಗೆ
ಜೇಬಿನಲ್ಲಿ ಮರೆತ ಬಸ್ ಟಿಕೇಟಿನ ಹಾಗೆ ಮಡಿಸಿದ ರೆಕ್ಕೆ,
ಮಳೆಯಲ್ಲೂ ಹಾರಿ ಬಂದು
ಗೇಟಿನ ದೀಪಕ್ಕೆ ಡಿಕ್ಕಿ ಹೊಡೆಯುವ ರೆಕ್ಕೆ.

ಅವಳದ್ದು ತೆರೆಯಲಿಲ್ಲ.
ಒತ್ತಿದೆ. ಸೂಜಿ ಬಾಗಿತು.
"ಅದಕ್ಕೆ ಬಾಗಿಲಿಲ್ಲ ಅಕ್ಕ, ಗೋಡೆ ಮಾತ್ರ."
ಎರಡು ಚಿಪ್ಪೂ ಬೆಸೆದು ಒಂದಾಗಿವೆ.
ಹಾರುವುದನ್ನು ಬಿಟ್ಟುಕೊಟ್ಟು ಉಳಿಸಿಕೊಂಡದ್ದು
ಬೆನ್ನಡಿಯಲ್ಲಿ ಒಂದಿಷ್ಟು ಗಾಳಿ,
ಆ ಗಾಳಿಯಲ್ಲಿ ಸ್ವಂತ ಉಸಿರಿನ ತೇವ.
ಅವರ ಊರಲ್ಲಿ ನೀರಿನ ತೊಟ್ಟಿಗೆ ಬೀಗ ಹಾಕುತ್ತಾರಂತೆ.
ನಾನು ನಕ್ಕೆ. ನೀರಿಗೆ ಬೀಗ!
ನಮ್ಮಲ್ಲಿ ನೀರು ಬೀಗಕ್ಕೇ ತುಕ್ಕು ಹಿಡಿಸುತ್ತದೆ.

ಹಾಸ್ಟೆಲ್ ವರಾಂಡದಲ್ಲಿ ಅವಳ ಹಳದಿ ದುಪಟ್ಟ
ಹದಿನಾಲ್ಕು ದಿನದಿಂದ ತೂಗುತ್ತಿದೆ.
"ಯಾವಾಗ ಒಣಗುತ್ತೆ?"
"ಪುತ್ತರಿಗೆ."
ಅದು ಯಾವ ಊರು ಎಂದು ಕೇಳಿದಳು.

ಸೆಟೆದ ಹುಳದ ಕಾಲು ಬಿಡಿಸಲು
ಬೇರೆ ಕಡೆ ಒದ್ದೆ ಮರಳಿನ ಜಾಡಿಯಲ್ಲಿ ಮುಚ್ಚಿಡುತ್ತಾರೆ.
ಕಕ್ಕಡದಲ್ಲಿ ಇಲ್ಲಿ ಜಾಡಿ ಯಾಕೆ, ಕಿಟಕಿ ತೆರೆದರೆ ಆಯಿತು.
ಎರಡನ್ನೂ ರಾತ್ರಿ ಅಲ್ಲೇ ಇಟ್ಟು ಮನೆಗೆ ಹೋದೆ.

ಬೆಳಿಗ್ಗೆ ನಮ್ಮದರ ಹೊಟ್ಟೆಯಡಿ ಆಗಲೇ ಬಿಳಿ ಬೂಸಲು.
ಸ್ಪಿರಿಟ್ ಹಚ್ಚಿ ಒರೆಸಿದೆ, ಬೈದುಕೊಂಡು.
ಮರಳುಗಾಡಿನದರ ಬೆನ್ನ ಮೇಲೆ ಹನಿಗಳು ನಿಂತಿದ್ದವು,
ಒಂದೂ ಒಳಗಿಳಿದಿರಲಿಲ್ಲ.
ಕೀಲುಗಳು ಮಾತ್ರ ಗುಟ್ಟಾಗಿ ಕುಡಿದಿದ್ದವು:
ಚಿಮಟ ಮುಟ್ಟಿಸಿದಾಗ ಹಿಂಗಾಲು
ಮೂರು ದಿನ ರೈಲಿನಲ್ಲಿ ಕೂತು ಇಳಿದವರ ಹಾಗೆ
ಮೆಲ್ಲಗೆ ನೀಡಿಕೊಂಡಿತು.

ಮೂಮಲ್ ಬಗ್ಗಿ ನೋಡಿದಳು. ಏನೂ ಹೇಳಲಿಲ್ಲ.
ಮೂಗು ಒರೆಸಿಕೊಂಡಳು. ಅವಳಿಗೆ ಜೂನ್‌ನಿಂದ ಶೀತ.

ಚೀಟಿಯಲ್ಲಿ ಬಾಡ್ಮೇರ್ ಎಂದು ಬರೆದೆ.
ತೇವದ ಕಾಗದದಲ್ಲಿ ಶಾಯಿ ಹರಡಿ
ಬಾ ಎಂಬಲ್ಲಿ ಸಣ್ಣ ಕೆರೆಯಾಯಿತು.
ಇನ್ನೊಂದು ಚೀಟಿ ತೆಗೆದುಕೊಂಡೆ.